ಮೆನ್ನಾಳ ಮದುವೆ ಕಾರು

ತಿಂಗಳ ಮೊದಲ ಶನಿವಾರ ನಮ್ಮ ಮೊರಿಸ್ಟನ್ ಚಾಪೆಲ್‌ನ ಹಿಂದಿನ ಹಾಲ್‌ನಲ್ಲಿ ಆಟಿಕೆ ಕಾರುಗಳ ಸಂತೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಚಹಾ ಕೊಡುವವಳು ನಾನು. ಕಾರಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಚಹಾ ಬಗ್ಗಿಸುವಾಗ ಕಿವಿಗೆ ಬಿದ್ದದ್ದು. ಆದರೂ ಒಂದು ಮಾತು ಹೇಳಬಲ್ಲೆ. ಇಲ್ಲಿಗೆ ಬರುವ ಗಂಡಸರು ಅಂಗೈಯಷ್ಟು ಉದ್ದದ ಆ ಹಳೇ ಕಾರನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಹಿಂದಿನ ಕಿಟಕಿಯಿಂದ ಒಳಗೆ ಇಣುಕುತ್ತಾರಲ್ಲ, ಆಗ ಅವರಿಗೆ ಕಾಣುವುದು ಸೀಟಲ್ಲ. ಅಪ್ಪನ ಕತ್ತಿನ ಹಿಂಭಾಗ.

ಹೈವೆಲ್‌ನನ್ನೇ ತಗೊಳ್ಳಿ. ಮುರಿದ ಕಾರು ರಿಪೇರಿ ಮಾಡುವವನು, ಮೂಲೆಯ ಮೇಜು ಅವನದು. "ನಾನು ಸೈನ್ಯಕ್ಕೆ ಸೇರಿದ ವಾರವೇ ನಮ್ಮಮ್ಮ ನನ್ನ ಕಾರನ್ನೆಲ್ಲ ಪೆಟ್ಟಿಗೆ ಸಮೇತ ದಾನ ಕೊಟ್ಟುಬಿಟ್ಳು. ಅರವತ್ತೊಂದು ಕಾರು ಕಣಕ್ಕ. ಐವತ್ತೊಂಬತ್ತು ವಾಪಸ್ ಹುಡುಕಿದೀನಿ. ಉಳಿದೆರಡು ಸಿಗೋವರೆಗೂ ನಾನು ಸಾಯಲ್ಲ," ಅನ್ನುತ್ತಾನೆ. ಎರಡರಲ್ಲಿ ಒಂದನ್ನು ಕಣ್ಣೆದುರೇ ಕಂಡರೂ ಬೇಕೆಂದೇ ಬಿಟ್ಟುಬಂದ ಅಂತ ನನಗೆ ಗುಮಾನಿ.

ಸಂತೆಯಲ್ಲಿ ಅರ್ಧಕ್ಕರ್ಧ ಕಾರು ಟಾರನ್‌ನವು. ಟಾರನ್ ಅಂದರೆ ಇಲ್ಲೇ ಗುಡ್ಡದ ಮೇಲಿದ್ದ ಕಾರ್ಖಾನೆ. ಅದು ಬಾಗಿಲು ಹಾಕಿ ನಲವತ್ತು ವರ್ಷ ಆಯಿತು. ಅಲ್ಲಿ ಯಾವ ಕಾರು ಯಾವ ವರ್ಷ ಯಾವ ಬಣ್ಣದಲ್ಲಿ ಬಂತು ಅನ್ನುವುದನ್ನೆಲ್ಲ ಕಲೆಹಾಕಿ ಬರೆದಿಟ್ಟವರು ಹಾರ್ಟ್‌ನಾಲ್ ಮೇಷ್ಟ್ರು. ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದವರು. ಅವರ ಪುಸ್ತಕಕ್ಕೆ 'ದಾಖಲೆ' ಅಂತ ಹೆಸರು. ದಾಖಲೆಯಲ್ಲಿ ಇದ್ದರೆ ಕಾರು ಅಸಲಿ, ಇಲ್ಲದಿದ್ದರೆ ಯಾರೋ ಮನೆಯಲ್ಲಿ ಕೂತು ಬಣ್ಣ ಬಳಿದದ್ದು. ಮೇಷ್ಟ್ರು ಕಾರು ಕೈಗೆತ್ತಿಕೊಂಡರೆ ಮೊದಲು ಅದನ್ನು ಬೋರಲು ಹಾಕಿ ಹೊಟ್ಟೆ ನೋಡುತ್ತಾರೆ. ಮೇಲಿನ ಮೈಯನ್ನೂ ಕೆಳಗಿನ ತಟ್ಟೆಯನ್ನೂ ಸೇರಿಸಿ ಜಡಿದ ಮೊಳೆ, ಅಂದರೆ ರಿವೆಟ್, ಅಲ್ಲಿರುತ್ತದೆ. ಯಂತ್ರ ಒತ್ತಿದ ರಿವೆಟ್ ಗುಂಡಗೆ ಹೂವಿನ ಹಾಗೆ ಅರಳಿರುತ್ತದೆ. ಅದು ಹಾಗಿಲ್ಲ ಅಂದರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ.

"ಮನುಷ್ಯ ಸುಳ್ಳು ಹೇಳ್ತಾನೆ, ರಿವೆಟ್ ಹೇಳಲ್ಲ," ಅನ್ನುವುದು ಅವರ ಮಾತು.

ಫೆಬ್ರವರಿಯ ಸಂತೆಗೆ ಮೆನ್ನಾ ಪ್ರಾಸರ್ ಮೊದಲ ಸಲ ಬಂದಳು. ಎಪ್ಪತ್ತೊಂಬತ್ತು ವರ್ಷ, ಕೈ ಹಾಕಿದರೆ ಮೊಣಕೈವರೆಗೆ ಮುಳುಗುವ ಕೈಚೀಲ. ಚೀಲದಿಂದ ಕರವಸ್ತ್ರದ ಗಂಟು ತೆಗೆದಳು, ಗಂಟಿನಿಂದ ಒಂದು ಪುಟ್ಟ ಕಾರು, ಮಾರಿಸ್ ಆಕ್ಸ್‌ಫರ್ಡ್. ತೀರಾ ಎಳೇ ಬಟಾಣಿ ಹಸಿರು. ಮೇಷ್ಟ್ರು ಬೋರಲು ಹಾಕಿದರು. ರಿವೆಟ್ ಚಪ್ಪಟೆಯಾಗಿ, ಏಟು ತಿಂದು ಒಂದು ಕಡೆ ವಾಲಿತ್ತು.

"ನಕಲಿ ಕಣಮ್ಮ. ಈ ಬಣ್ಣದಲ್ಲಿ ಟಾರನ್ ಆಕ್ಸ್‌ಫರ್ಡ್ ಮಾಡಲೇ ಇಲ್ಲ."

"ಮಾಡಿದ್ದು ನಾನೇ ಕಣಪ್ಪ," ಅಂದಳು ಮೆನ್ನಾ.

ಮೇಷ್ಟ್ರು ನಕ್ಕು, ಫೋಟೋ ತೆಗೆದುಕೊಳ್ಳಲೇ ಅಂತ ಕೇಳಿದರು. ಅವಳು ಹೂಂ ಅಂದಳು. ಯಾತಕ್ಕೆ ಅಂತ ಆಗ ಅವಳಿಗೆ ಗೊತ್ತಿರಲಿಲ್ಲ. ಏಪ್ರಿಲ್‌ನಲ್ಲಿ, ಸಂತೆಯವರು ಯಾರೋ ಹೇಳಿ ಗೊತ್ತಾಯಿತು. ದಾಖಲೆಯ ಹೊಸ ಮುದ್ರಣ ಸಿದ್ಧವಾಗುತ್ತಿತ್ತು. ಅದರ ಕೊನೆಯ ಅಧ್ಯಾಯ 'ನಕಲಿಗಳು', ಅಧ್ಯಾಯದ ಮೊದಲ ಪುಟದಲ್ಲೇ ಅವಳ ಹಸಿರು ಮಾರಿಸ್. ಸೋಮವಾರ ಅಚ್ಚಿಗೆ ಹೋಗುತ್ತದೆ ಅಂತ ಸಂತೆಯ ದಿನ ಮೇಷ್ಟ್ರು ಆ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದರು.

ಆ ಶನಿವಾರ ಮೆನ್ನಾ ತನ್ನ ಗಂಡ ಗ್ವಿಲಿಮ್‌ನನ್ನೂ ಕರಕೊಂಡು ಬಂದಿದ್ದಳು. ಅವನನ್ನು ನನ್ನ ಚಹಾ ಮೇಜಿನ ಪಕ್ಕ ಕೂರಿಸಿ, ಹೆಂಚಿನ ಮೇಲೆ ಬೇಯಿಸಿದ ಒಣದ್ರಾಕ್ಷಿಯ ಬಿಲ್ಲೆ ಎರಡು ಕೈಗೆ ಕೊಟ್ಟು, ನೆಟ್ಟಗೆ ಮೇಷ್ಟ್ರ ಮುಂದೆ ಹೋಗಿ ನಿಂತಳು.

"ಈ ಪುಟ ತೆಗೀಬೇಕು."

"ರಿವೆಟ್ ನೀವೇ ನೋಡಿ, ಮಿಸೆಸ್ ಪ್ರಾಸರ್. ಯಾರೋ ಸುತ್ತಿಗೆಯಲ್ಲಿ ಬಡಿದಿದ್ದಾರೆ."

"ಬಡೀದೆ ಇನ್ನೇನು ಮಾಡೋಕಾಗ್ತಿತ್ತು? ಊಟದ ಹೊತ್ತಲ್ಲಿ ಯಂತ್ರಕ್ಕೆ ಬೀಗ. ಬೀಗದಕೈ ಫೋರ್‌ಮನ್ ಪ್ಯೂ ಸೊಂಟದಲ್ಲಿ. ನಮ್ಮ ಫಿಟ್ಟರ್ ಹುಡುಗ ಮೆಟ್ಟಿಲ ಕೆಳಗೆ ಕೂತು ಸುತ್ತಿಗೆಯಲ್ಲೇ ಬಡೀತಿದ್ದ."

"ಯಾತಕ್ಕೆ?"

"ಮದುವೆ ಕಾರಿಗೆ."

ಸುತ್ತಲಿನ ಮೇಜಿನವರು ಕುರ್ಚಿ ಇತ್ತ ತಿರುಗಿಸಿದರು. ನಾನೂ ಕೆಟಲಿನ ಉರಿ ಆರಿಸಿದೆ.

ಮೆನ್ನಾ ಹೇಳಿದ್ದು ಇಷ್ಟು. ಕಾರ್ಖಾನೆಯ ಬಣ್ಣ ಹೊಡೆಯುವ ಸಾಲಿನಲ್ಲಿ ಇದ್ದವರೆಲ್ಲ ಹೆಣ್ಣುಮಕ್ಕಳು. ಮದುವೆಯಾದರೆ ಕೆಲಸ ಬಿಡುವುದು ಆಗಿನ ರೂಢಿ. ಬಿಡುವವಳಿಗೆ ಸಾಲಿನವರು ಗುಟ್ಟಾಗಿ ಒಂದು ಕಾರು ಮಾಡಿಕೊಡುತ್ತಿದ್ದರು, ಅವಳು ಕೇಳಿದ ಬಣ್ಣದಲ್ಲಿ. ಬಣ್ಣ ಕಲೆಸಿ ಹೊಡೆಯುವುದು ಮದುಮಗಳೇ. ಬಾನೆಟ್ಟಿನ ಒಳಬದಿ ಇನ್ನೂ ಹಸಿಯಿರುವಾಗ ಮಿಕ್ಕವರು ಅವಳನ್ನು ಆಚೆ ಕಳಿಸಿ, ಸೂಜಿಯಿಂದ ತಮ್ಮ ಹೆಸರು ಗೀಚಿ, ಮುಚ್ಚಿ ರಿವೆಟ್ ಬಡಿಸುತ್ತಿದ್ದರು. ಬಿಚ್ಚಿ ನೋಡುವ ಹಾಗಿಲ್ಲ. ಕಾರು ಬಿಚ್ಚಿದರೆ ಮದುವೆ ಬಿಚ್ಚಿಕೊಳ್ಳುತ್ತದೆ ಅಂತ ನಂಬಿಕೆ.

"ಟ್ರ್ಯಾಕ್ಟರಿಗೆ ಹೊಡೆದು ಉಳಿದ ಹಸಿರಿಗೆ ಆಂಬುಲೆನ್ಸಿನ ಕೆನೆಬಣ್ಣ ಕಲೆಸಿದೆ," ಅಂದಳು ಮೆನ್ನಾ. "ಮದುವೆಗೆ ಹೊಲಿಸಿದ್ದ ಕೋಟು ಆ ಬಣ್ಣದ್ದು. ಮಾರಿಸ್ ಯಾಕೆ ಅಂದ್ರೆ, ಗ್ವಿಲಿಮ್ ನನ್ನ ನೋಡೋಕೆ ಮೊದಲ ಸಲ ಬಂದದ್ದು ತನ್ನ ಸೋದರಮಾವನ ಮಾರಿಸ್‌ನಲ್ಲಿ. ಬೆಟ್ಟ ಹತ್ತದೆ ಅರ್ಧದಲ್ಲೇ ನಿಂತುಹೋಯ್ತು. ನಾನೇ ಹಿಂದಿನಿಂದ ತಳ್ಳಿದ್ದು."

"ಇವತ್ತಿಗೂ ತಳ್ತಾನೇ ಇದಾಳೆ," ಅಂದ ಗ್ವಿಲಿಮ್, ಬಾಯಿ ತುಂಬ ಬಿಲ್ಲೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ಮೂವತ್ತು ವರ್ಷ ನಿಯಮ ಕಾದವರು. "ಕತೆ ಚೆನ್ನಾಗಿದೆ, ಮಿಸೆಸ್ ಪ್ರಾಸರ್. ಇಂಥ ಕತೆ ನನಗೆ ವಾರಕ್ಕೆ ಮೂರು ಬರ್ತವೆ. ಪುರಾವೆ ಬೇಕಲ್ಲ."

"ಪುರಾವೆ ಒಳಗಿದೆ. ಬಿಚ್ಚಿ."

"ಬಿಚ್ಚಿದರೆ ಕಾರಿಗೆ ಬೆಲೆಯೇ ಇರಲ್ಲ."

"ಈಗ ನಿಮ್ಮ ಲೆಕ್ಕದಲ್ಲಿ ಎಷ್ಟಿದೆ?"

ಮೇಷ್ಟ್ರು ಮೇಜಿನ ಮೇಲಿನ ಹಾಳೆಯ ಅಂಚು ಸರಿಮಾಡಿದರು.

"ಏನೂ ಇಲ್ಲ ತಾನೆ? ಹಾಗಾದ್ರೆ ಕಳಕೊಳ್ಳೋದು ಏನು?"

ಹೈವೆಲ್ ಕೈತಿರುಪಿನ ಪುಟ್ಟ ಡ್ರಿಲ್ ಎತ್ತಿಕೊಂಡು ಆಗಲೇ ಎದ್ದು ನಿಂತಿದ್ದ. ಕಾರನ್ನು ಅವನ ಕೈಗೆ ಕೊಡುವಾಗ ಮೆನ್ನಾಳ ಕೈ ತಡೆಯಿತು. ಅಲ್ಲಿಯವರೆಗೆ ಅಳುಕದವಳು ಈಗ ತಿರುಗಿ ಗಂಡನ ಕಡೆ ನೋಡಿದಳು. ಐವತ್ತೆಂಟು ವರ್ಷ ಆ ಕಾರು ಅವರ ಮನೆಯ ಗೋಡೆಗೂಡಿನಲ್ಲಿ ಕೂತಿದೆ. ಮೊಮ್ಮಕ್ಕಳಿಗೂ ಮುಟ್ಟಲು ಕೊಟ್ಟಿಲ್ಲ.

"ಗ್ವಿಲಿಮ್, ಬಿಚ್ಚಲಾ?"

"ಏನಂತೆ?" ಅವನಿಗೆ ಒಂದು ಕಿವಿ ಮಂದ.

"ಕಾರು ಬಿಚ್ಚಿದರೆ ಮದುವೆ ಹೋಗತ್ತಂತಲ್ಲ, ಏನ್ಮಾಡ್ಲಿ ಅಂತ."

ಗ್ವಿಲಿಮ್ ತೊಡೆಯ ಮೇಲಿನ ಪುಡಿ ಕೊಡವಿದ. "ಬಿಚ್ಚೇ. ನಿನ್ನ ಬಿಟ್ಟು ಹೋಗೋಕೆ ನನಗೆ ಮಂಡಿ ಎಲ್ಲಿದೆ?"

ಹಾಲ್‌ನಲ್ಲಿದ್ದವರೆಲ್ಲ ನಕ್ಕರು, ಮೆನ್ನಾಳೂ ನಕ್ಕಳು. ಆಮೇಲೆ, ತಾಳು ಅಂತ ಹೈವೆಲ್‌ನನ್ನು ತಡೆದು, ನನ್ನ ಬಳಿ ಬಂದು ಒಂದು ಕಾಗದದ ಕರವಸ್ತ್ರ, ಒಂದು ಪೆನ್ನು ಕೇಳಿದಳು. ನಿಂತಲ್ಲೇ ಬರೆದು, ಮಡಚಿ ನನ್ನ ಏಪ್ರನ್ ಜೇಬಿಗೆ ಹಾಕಿದಳು. "ಒಳಗೆ ಯಾರ್ಯಾರ ಹೆಸರಿರಬೇಕು ಅಂತ ಬರೆದಿದೀನಿ. ಮೇಷ್ಟ್ರು ಓದಿದ ಮೇಲೆ ನೀನು ಓದು, ಮಾರ್ಗೆಡ್. ಅಲ್ಲೀವರೆಗೂ ಯಾರಿಗೂ ಕೊಡಬೇಡ."

ಡ್ರಿಲ್ ಎರಡು ನಿಮಿಷ ಕೊರೆಯಿತು. ಬೆಳ್ಳಗಿನ ಲೋಹದ ಪುಡಿ ಹೈವೆಲ್‌ನ ಮೇಜಿನ ಮೇಲೆ ಉದುರಿತು. ಮೂವತ್ತು ಜನ ಗಂಡಸರು ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ನಿಂತಿದ್ದರು. ತಟ್ಟೆ ಬಿಟ್ಟುಕೊಂಡಿತು. ಸೀಟು, ಕಿಟಕಿಯ ಪ್ಲಾಸ್ಟಿಕ್ ಬೇರೆಯಾದವು. ಹೈವೆಲ್ ಬರೀ ಚಿಪ್ಪನ್ನು ಮೇಷ್ಟ್ರ ಅಂಗೈಗೆ ಇಟ್ಟ.

ಮೇಷ್ಟ್ರು ಭೂತಗನ್ನಡಿ ಹಿಡಿದು ಬಾನೆಟ್ಟಿನ ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಹಸಿ ಬಣ್ಣದಲ್ಲೇ ಗೀಚಿದ್ದು," ಅಂದರು ಮೆಲ್ಲಗೆ. "ಗೀರಿನ ಎರಡೂ ಅಂಚು ದಪ್ಪಗಿದೆ. ಒಣಗಿದ ಮೇಲೆ ಗೀಚಿದ್ರೆ ಹೀಗೆ ಬರಲ್ಲ." ಆಮೇಲೆ ಶಾಲೆಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಓದಿದರು. "ನೆಸ್ಟಾ. ಒಲ್ವೆನ್. ಬೆಟಿ. ರಿಯಾನನ್. ಮೋರ್ಫಿಡ್."

ಒಂದೊಂದು ಹೆಸರಿಗೂ ಮೆನ್ನಾ ತಲೆಯಾಡಿಸುತ್ತಿದ್ದಳು, ಹಾಜರಿ ಅವಳದೇ ಅನ್ನುವ ಹಾಗೆ. ನಾನು ಕರವಸ್ತ್ರ ಬಿಡಿಸಿದೆ. ನೆಸ್ಟಾ, ಒಲ್ವೆನ್, ಬೆಟಿ, ರಿಯಾನನ್, ಮೋರ್ಫಿಡ್. ಐದಕ್ಕೆ ಐದು. ಯಾರೋ ಶಿಳ್ಳೆ ಹಾಕಿದರು.

"ತಾಳಿ," ಅಂದರು ಮೇಷ್ಟ್ರು. "ಕೆಳಗೆ ಇನ್ನೊಂದಿದೆ."

"ಇರಕ್ಕಿಲ್ಲ. ಐದೇ ಜನ."

"ಹೆಸರಲ್ಲ. ಒಂದೇ ಅಕ್ಷರ, ಉದ್ದ ಬಾಲ ಇದೆ." ಅವರ ದನಿ ಬದಲಾಗಿತ್ತು. ಬಗ್ಗಿ ತಮ್ಮ ಚೀಲದಿಂದ ಒಂದು ಹಳೇ ಟಾರನ್ ಡಬ್ಬಿ ತೆಗೆದು, ಅದರೊಳಗಿನ ತಪಾಸಣೆ ಚೀಟಿಯನ್ನು ಚಿಪ್ಪಿನ ಪಕ್ಕ ಇಟ್ಟರು. ಚೀಟಿಯ ಮೂಲೆಯಲ್ಲೂ ಅದೇ ಅಕ್ಷರ, ಇಲಿಯ ಬಾಲದಂಥ ಅದೇ ಬಾಲ. "ಈ ಗುರುತು ನನಗೆ ಸಾವಿರ ಚೀಟಿಯಲ್ಲಿ ಸಿಕ್ಕಿದೆ. ಇದು ಪ್ಯೂ ಅವರದು. ಕಾರು ಸರಿಯಾಗಿದೆ, ಹೊರಗೆ ಕಳಿಸಬಹುದು ಅಂತ ಹಾಕೋ ರುಜು."

ಮೆನ್ನಾ ಕುರ್ಚಿ ಎಳೆದುಕೊಂಡು ಕೂತಳು. "ಪ್ಯೂಗೆ ಗೊತ್ತಿತ್ತಾ?"

ಮೇಷ್ಟ್ರು ಚೀಟಿಯನ್ನು ಅವಳ ಕಡೆ ಸರಿಸಿದರು.

"ಐದು ವರ್ಷ ಆ ಮನುಷ್ಯನ ಕಣ್ಣು ತಪ್ಪಿಸಿ ಬದುಕಿದ್ವಿ. ಅವನು ಬಂದ್ರೆ ನೆಸ್ಟಾ ಕೆಮ್ಮೋಳು, ನಾವು ಕಾರು ಏಪ್ರನ್ ಒಳಗೆ ಹಾಕ್ಕೊಳ್ಳೋದು. ನಾನು ಬಿಡೋ ದಿನ ಕೂಡ ನನಗೆ ಗದರಿದ, ಉಗುರಲ್ಲಿ ಹಸಿರು ಬಣ್ಣ ಇದೆ, ಕಂಪನಿ ಬಣ್ಣ ವ್ಯರ್ಥ ಮಾಡ್ತೀಯಾ ಅಂತ." ಅವಳು ಉಗುರು ನೋಡಿಕೊಂಡಳು. "ಗದರಿ, ಹೋಗಿ ರುಜು ಹಾಕಿದಾನೆ ನೋಡು, ಮುದಿ ಕಳ್ಳ."

ಮೇಷ್ಟ್ರು ಎದ್ದರು. ಮೇಜಿನ ಮೇಲಿನ 'ನಕಲಿಗಳು' ಪುಟ ತೆಗೆದು ಮಧ್ಯಕ್ಕೆ ಹರಿದರು. ಆಮೇಲೆ ಮೇಜಿನ ಕೆಳಗಿಂದ ಬಿಸ್ಕತ್ತಿನ ತಗಡಿನ ಡಬ್ಬ ಎಳೆದರು. ಮೂವತ್ತು ವರ್ಷದಲ್ಲಿ ಅವರು ನಕಲಿ ಅಂತ ಪಕ್ಕಕ್ಕೆ ಹಾಕಿದ ಕಾರುಗಳು ಅದರಲ್ಲಿದ್ದವು. ಒಂದೊಂದನ್ನೇ ಬೋರಲು ಹಾಕಿ ಸಾಲಾಗಿ ಇಟ್ಟರು. ಸುತ್ತಿಗೆ ಏಟು ತಿಂದ ರಿವೆಟ್ ಇದ್ದವು ಹನ್ನೊಂದು.

"ಮಿಸೆಸ್ ಪ್ರಾಸರ್, ಇಲ್ಲಿ ತಪ್ಪು ಮಾಡಿದವನು ನಾನು. ಸ್ವಲ್ಪ ಬಂದು ಇವು ಯಾರ್ಯಾರವು ಹೇಳ್ತೀರಾ?"

"ಬಿಚ್ಚೋ ಹಾಗಿಲ್ಲ," ಅಂದಳು ಮೆನ್ನಾ. "ಅವರ ಗಂಡಂದಿರ ಮಂಡಿ ಹೇಗಿದಾವೋ ಗೊತ್ತಿಲ್ಲ."

"ಇಲ್ಲ ಇಲ್ಲ, ಬಣ್ಣ ನೋಡಿ ಹೇಳಿ ಸಾಕು."

ಅವಳು ಮೇಷ್ಟ್ರ ಕುರ್ಚಿಯಲ್ಲೇ ಕೂತಳು. ಮೇಷ್ಟ್ರು ಪಕ್ಕದಲ್ಲಿ ನಿಂತು ಬರೆದುಕೊಂಡರು. "ಈ ನಿಂಬೆ ಬಣ್ಣದ್ದು ಬೆಟಿದು, ಬ್ರೆಡ್ಡಿನ ಅಂಗಡಿಯವನ್ನ ಮದುವೆಯಾದಳಲ್ಲ, ಅವಳು. ಮದುವೆ ದಿನ ನನಗೆ ತೋರಿಸಿದ್ಲು. ಈ ನೇರಳೆ ಒಲ್ವೆನ್‌ದು, ನಾವೆಲ್ಲ ಬೇಡ ಅಂದ್ವಿ, ಕೇಳಲಿಲ್ಲ. ಗಂಡನ ವಿಷಯದಲ್ಲೂ ಕೇಳಲಿಲ್ಲ. ಇದು ಯಾರದ್ದೋ ಗೊತ್ತಿಲ್ಲ, ನಾನು ಬಿಟ್ಟ ಮೇಲೆ ಸೇರಿದವಳದ್ದು ಇರಬೇಕು. ನೆಸ್ಟಾ ಇದಾಳೆ, ಫೋನ್ ಮಾಡಿದ್ರೆ ಹೇಳ್ತಾಳೆ." ಅಷ್ಟರಲ್ಲಿ ಹಾಲ್‌ನಲ್ಲಿದ್ದ ಗಂಡಸರೆಲ್ಲ ತಮ್ಮ ತಮ್ಮ ಪೆಟ್ಟಿಗೆಯ ತಳ ಕೆದಕಿ, ವಾರೆ ರಿವೆಟ್ಟಿನ ಕಾರು ಹಿಡಿದು, ಡಾಕ್ಟರ ಮುಂದೆ ನಿಂತ ಹಾಗೆ ಸಾಲುಗಟ್ಟಿದ್ದರು. ಗ್ವಿಲಿಮ್ ನನಗೆ ಹೇಳಿದ, "ಅವಳಿಗೊಂದು ಚಹಾ ಕೊಡು. ಮೇಷ್ಟ್ರಿಗೂ ಕೊಡು, ಸಕ್ಕರೆ ಜಾಸ್ತಿ ಹಾಕು. ಪಾಪ, ಏಟು ಬಿದ್ದಿದೆ."

ಸಂತೆ ಮುಗಿಯುವ ಹೊತ್ತಿಗೆ ಹೈವೆಲ್ ಹಸಿರು ಮಾರಿಸ್ ಹಿಡಿದು ಬಂದ. "ಮೆನ್ನಕ್ಕ, ಮುಚ್ಚಿ ರಿವೆಟ್ ಹಾಕಲಾ? ಯಂತ್ರದ್ದೇ ಅನ್ನೋ ಹಾಗೆ ಚೆಂದ ಮಾಡಿಕೊಡ್ತೀನಿ."

"ಚೆಂದ ಬೇಡ. ಸುತ್ತಿಗೆಯಲ್ಲಿ ಬಡಿ. ಅದಕ್ಕೆ ಮುಂಚೆ ಒಂದು ಸೂಜಿ ಕೊಡು."

ತಮ್ಮ ಹೆಸರನ್ನೂ ಗೀಚಬಹುದೇನೋ ಅನ್ನುವ ಆಸೆಯಿಂದ ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. ಮೆನ್ನಾ ಅವರನ್ನು ಕಣ್ಣಲ್ಲೇ ನಿಲ್ಲಿಸಿದಳು.

ಬಣ್ಣ ಹೊಡೆದವಳ ಹೆಸರು ಅದರೊಳಗೆ ಇರಲಿಲ್ಲವಲ್ಲ, ಅದು ನನಗೆ ಆಗ ಹೊಳೆಯಿತು. ಮದುಮಗಳನ್ನು ಆಚೆ ಕಳಿಸಿದ್ದರು. ಅವಳು ಕನ್ನಡಕ ಏರಿಸಿಕೊಂಡು, ನಾಲಿಗೆ ತುದಿ ಕಚ್ಚಿಕೊಂಡು, ಐದು ಗೆಳತಿಯರ ಮೇಲೆ, ಪ್ಯೂನ ಬಾಲಕ್ಕೂ ಎಷ್ಟೋ ಮೇಲೆ, ಮಕ್ಕಳ ಹಾಗೆ ದೊಡ್ಡ ಅಕ್ಷರದಲ್ಲಿ ಗೀಚಿದಳು, ಮೆನ್ನಾ. ಆಮೇಲೆ ಹೈವೆಲ್ ಸುತ್ತಿಗೆ ಎತ್ತಿದ.