ಕೆಂಪು ಚುಕ್ಕೆ ಆರಿದ ಮೇಲೆ

ತುಳಸಿ ಎಸಳನ್ನು ತಂಬಿಗೆಯಲ್ಲಿ ಅದ್ದಿ ಅಂಗಾರಣ್ಣನ ತುಟಿಗೆ ನೀರು ಬಿಡಲು ತಿಲಕ್ ಬಾಗಿದ್ದನಷ್ಟೆ, ಸತ್ತವನ ಮಗ ಪ್ರಶಾಂತ ಅವನ ಮಣಿಕಟ್ಟು ಹಿಡಿದ.

"ನೀನು ಯಾರು? ನಾಕು ದಿನ ಅನ್ನ ಹಾಕಿದ್ರು ಅಂತ ಮಗ ಆಗ್ತೀಯಾ? ಫೋಟೋದವ ಫೋಟೋ ತೆಗೆದು ಹೋಗ್ಬೇಕು. ಚಲ್, ಸೈಡ್‌ಗೆ ನಿಲ್ಲು."

ಗೋರೆಗಾಂವ್ ಚಾಳಿನ ಆ ಕೋಣೆಯಲ್ಲೂ ಹೊರಗಿನ ಗ್ಯಾಲರಿಯಲ್ಲೂ ಒತ್ತಿ ನಿಂತವರೆಲ್ಲ ಕೇಳಿಸಿಕೊಂಡರು. ಅಂಗಾರಣ್ಣನ ಜೊತೆ ಹೋಟೆಲಿನಲ್ಲಿ ದೋಸೆ ಹುಯ್ದವರು ತಲೆ ತಗ್ಗಿಸಿದರು. ತಿಲಕ್ ಎಸಳನ್ನು ತಂಬಿಗೆಗೆ ಬಿಟ್ಟು ಹಿಂದೆ ಸರಿದ. ಬೊರಿವಲಿಯಿಂದ ಅಪರೂಪಕ್ಕೆ ಬಂದು ಹೊಸ್ತಿಲಲ್ಲೇ ಚಾ ಕುಡಿದು ಹೋಗುತ್ತಿದ್ದ ಪ್ರಶಾಂತನದು ಮೊದಲ ನೀರು. ಎಂಟನೇ ಕ್ಲಾಸು ಬಿಟ್ಟು ಊರಿಂದ ಓಡಿಬಂದು, ಇದೇ ನೆಲದ ಮೇಲೆ ಮಲಗಿ ಬೆಳೆದು, ಮುದುಕನನ್ನು ಆಸ್ಪತ್ರೆಗೆ ಹೊತ್ತ ತನಗೆ ಗೋಡೆಯ ಬದಿ.

"ಬಿಡು ಮಗಾ," ಎಂದಳು ಅಂಗಾರಣ್ಣನ ಹೆಂಡತಿ ವಾರಿಜಕ್ಕ, ಯಾರಿಗೆಂದು ತಿಳಿಯದ ಹಾಗೆ. ಆಮೇಲೆ ಕಣ್ಣೊರೆಸಿಕೊಂಡು, "ತಿಲಕ್, ಆ ವಿಡಿಯೋ ಅವನಿಗೆ ತೋರಿಸು. ಅಪ್ಪನ ಸ್ವರ ಕೇಳ್ಲಿ," ಎಂದಳು.

*

ಅದನ್ನು ತೆಗೆದದ್ದು ಕಳೆದ ತಿಂಗಳ ಒಂದು ಮಧ್ಯಾಹ್ನ. ಕೈಯಲ್ಲಿದ್ದದ್ದು ತಿಲಕ್ ಕೆಲಸಕ್ಕಿದ್ದ ಸ್ಟುಡಿಯೋದ ಹಳೇ ಫೋಟೋ ಕ್ಯಾಮೆರಾ. ಲೈಟು ಒಂದೂ ಇರಲಿಲ್ಲ. ತಿಲಕ್ ಟ್ಯೂಬ್‌ಲೈಟ್ ಆರಿಸಿದ, ಸದ್ದು ಬೇಡವೆಂದು ಫ್ಯಾನೂ ನಿಲ್ಲಿಸಿದ. ಅಂಗಾರಣ್ಣನನ್ನು ಕಿಟಕಿಯ ಪಕ್ಕ ಕೂರಿಸಿ, ಕತ್ತಲಾಗಿದ್ದ ಕೆನ್ನೆಯ ಕಡೆ ಬಿಳಿ ಪಂಚೆಯೊಂದನ್ನು ಇಳಿಬಿಟ್ಟ. ಕಿಟಕಿಯ ಬೆಳಕು ಪಂಚೆಗೆ ಬಡಿದು ಮುಖಕ್ಕೆ ವಾಪಸು ಬಂತು.

"ನನ್ನ ಪಂಚೆಗೂ ಆಕ್ಟಿಂಗ್ ಉಂಟಾ ಮಾರಾಯ?" ಮುದುಕ ನಕ್ಕ.

ಊರು ಬಿಟ್ಟದ್ದು, ಹೋಟೆಲಿನಲ್ಲಿ ಕಪ್-ಬಸಿ ತೊಳೆದದ್ದು, ಕಾವಲಿಯ ಮುಂದೆ ನಿಂತು ನಿಂತು ಕಾಲಿನ ನರ ಉಬ್ಬಿದ್ದು, ಎಲ್ಲ ಹೇಳಿದ. ತಿಲಕ್ ಒಂದು ಹೆಸರಿಗಾಗಿ ಕಾಯುತ್ತಿದ್ದ, ತನ್ನ ಹೆಸರಿಗಾಗಿ. ಕೊನೆಗೆ ತಾನೇ ಕೇಳಿದ: "ನಿಮಗೆ ನನ್ನವ ಅಂತ ಯಾರಿದ್ದಾರೆ ಅಂಗಾರಣ್ಣ?"

ಫೋಟೋ ಕ್ಯಾಮೆರಾ ವಿಡಿಯೋವನ್ನು ಒಂದೇ ಸಮನೆ ತೆಗೆಯುವುದಿಲ್ಲ. ಅರ್ಧ ಗಂಟೆಗೆ ತಾನಾಗಿ ನಿಲ್ಲುತ್ತದೆ, ಮತ್ತೆ ಗುಂಡಿ ಒತ್ತಬೇಕು. ಮುದುಕ ಬಾಯಿ ತೆರೆಯುವಾಗಲೇ ಪರದೆಯ ಮೂಲೆಯ ಕೆಂಪು ಚುಕ್ಕೆ ಆರಿತು. ತಿಲಕನ ಬೆರಳು ಗುಂಡಿಗೆ ಹೋಯಿತು.

"ಪ್ರಶಾಂತ," ಎಂದ ಮುದುಕ.

ಬೆರಳು ಅಲ್ಲೇ ನಿಂತಿತು.

"ಅವನ ಮದುವೆಗೆ ನಾನು ಹೋಗ್ಲಿಲ್ಲ ಅಂತ ಅವನಿಗೆ ಸಿಟ್ಟು. ನಾನು ಹೋಗಿದ್ದೆ ಮಾರಾಯ. ಮದುವೆ ಹಾಲ್‌ನ ಎದುರು ಬಸ್‌ಸ್ಟಾಪಿನಲ್ಲಿ ಕೂತಿದ್ದೆ. ನನ್ನದೇ ಹಠ, ಒಳಗೆ ಹೋಗ್ಲಿಕ್ಕೆ ಕಾಲು ಬರಲಿಲ್ಲ. ಎದುರು ನಿಂತು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ಇದರಲ್ಲಿ ನೋಡಿಯಾದ್ರೂ ಅವನಿಗೆ ಗೊತ್ತಾಗ್ಲಿ."

ತಿಲಕ್ ಗುಂಡಿ ಒತ್ತಲಿಲ್ಲ. ಹೂಂ, ಹೇಳಿ ಎಂಬಂತೆ ತಲೆಯಾಡಿಸುತ್ತ ಕೂತ.

*

ಪ್ರಶಾಂತ ಹೆಣದ ಪಕ್ಕ ಕೂತು, ತಿಲಕನ ಮೊಬೈಲಿನಲ್ಲಿ ವಿಡಿಯೋವನ್ನು ಬೆರಳಿನಿಂದ ಸರಿಸುತ್ತ ಕೊನೆಗೆ ಬಂದ. ತಿಲಕನ ಪ್ರಶ್ನೆ ಕೇಳಿಸಿತು. ಅಪ್ಪನ ಬಾಯಿ ತೆರೆಯಿತು. ಪರದೆ ಕಪ್ಪಾಯಿತು.

"ಮುಂದೆ?" ಅವನ ಸ್ವರದಲ್ಲಿ ಈಗ ಆ ಜೋರಿರಲಿಲ್ಲ. "ತಿಲಕ್, ಯಾರ ಹೆಸರು ಹೇಳಿದ್ರು? ನಿನ್ನದಾ?"

ವಾರಿಜಕ್ಕ ಹೆಣಕ್ಕೆ ಹೊದಿಸಿದ್ದು ಅದೇ ಬಿಳಿ ಪಂಚೆ. ಕಿಟಕಿಯ ಬೆಳಕು ಅದಕ್ಕೆ ಬಡಿದು ಮೇಲೆದ್ದು ಪ್ರಶಾಂತನ ಒದ್ದೆ ಕೆನ್ನೆಗಳ ಮೇಲೆ ಸಮನಾಗಿ ಹರಡಿತ್ತು. ಆ ಮಧ್ಯಾಹ್ನ ಕ್ಯಾಮೆರಾದೊಳಗೆ ಕಂಡದ್ದೂ ಇದೇ ಮೂಗು, ಇದೇ ಗಲ್ಲ.

ತಿಲಕ್ ಅವನ ಕೈಯಿಂದ ಮೊಬೈಲು ತೆಗೆದು ಜೇಬಿಗಿಳಿಸಿದ. ಗ್ಯಾಲರಿಯ ಜನರ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲಿಳಿದ.