ತಣಿದ ಎಂಜಿನ್

ದೋಣಿಯ ಹಿಂಬದಿಯ ಎಂಜಿನ್ ಮೇಲೆ ಹರಿಣಾಕ್ಷಿ ಅಂಗೈ ಇಟ್ಟಳು. ಬಿಸಿಯಾಗಿತ್ತು.

"ಈಗಷ್ಟೇ ಓಡಿಸಿದ್ದಾ ಶಮೀರ್?"

"ನೀವು ಬರ್ತೀರಿ ಅಂತ ಒಂದು ಸುತ್ತು ಹೊಡೆದೆ. ಇನ್ನು ಒಂದೇ ಎಳೆತಕ್ಕೆ ಸ್ಟಾರ್ಟ್, ನೋಡಿ!" ಏಳು ವರ್ಷ ಕುಮಾರಧಾರೆ ಹೊಳೆಯಲ್ಲಿ ಓಡಿಸಿದ ದೋಣಿಯನ್ನು ಮಾರಲು ಹೊರಟಿದ್ದ ಶಮೀರ್ ಎಂಜಿನ್ ಎಬ್ಬಿಸುವ ಹಗ್ಗಕ್ಕೆ ಕೈ ಹಾಕಿದ.

"ಬೇಡ. ತಣಿಯಲಿ."

"ಎಂತ ಮಾರಾಯ್ರೆ, ಇದು ಪಾಯಸವಾ, ಆರಿಸಿ ಕುಡಿಯಲಿಕ್ಕೆ?"

ಅವಳು ನಕ್ಕು ದಡದ ಬಂಡೆಯ ಮೇಲೆ ಕೂತಳು. ಅಪಘಾತದ ನಂತರ ಗಾಲಿಕುರ್ಚಿ ಹಿಡಿದ ತಂಗಿ ಭವಿತಾಳನ್ನು ರಜೆಯ ದಿನಗಳಲ್ಲಿ ಹೊಳೆಯಲ್ಲಿ ಸುತ್ತಿಸಬೇಕೆಂದೇ ಅವಳು ಈ ದೋಣಿ ಕೊಳ್ಳಲು ಬಂದಿದ್ದಳು. ಹೋಗುವವರು ಇಬ್ಬರೇ. ಎಲ್ಲೋ ನಿಲ್ಲಿಸಿ ಬುತ್ತಿ ಉಂಡ ಮೇಲೆ, ತಣ್ಣಗಾದ ಎಂಜಿನನ್ನು ಮತ್ತೆ ಎಬ್ಬಿಸಬೇಕಾದವಳು ಹರಿಣಾಕ್ಷಿಯೇ. ಬಿಸಿ ಎಂಜಿನ್ ಸ್ಟಾರ್ಟ್ ಆದರೆ ಅದರಿಂದ ಏನೂ ತಿಳಿಯುವುದಿಲ್ಲ.

ಶಮೀರ್ ಚಹಾ ತಂದುಕೊಟ್ಟ. "ಹುಡುಗಿ ನೋಡ್ಲಿಕ್ಕೆ ಬಂದವರೂ ಇಷ್ಟು ಹೊತ್ತು ಕೂರುದಿಲ್ಲ."

ಎರಡು ಗಂಟೆ ಕಳೆಯಿತು. ಎಂಜಿನ್ ತಣ್ಣಗಾಗಿತ್ತು. ಶಮೀರ್ ಮತ್ತೆ ಮುಂದೆ ಬಂದ.

"ನೀವಲ್ಲ, ನಾನು."

ಮೊದಲ ಎಳೆತಕ್ಕೆ ಎಂಜಿನ್ ಅಲುಗಲಿಲ್ಲ. ಐದನೆಯದಕ್ಕೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಅಂಗೈ ಕೆಂಪಾಗಿತ್ತು. ಶಮೀರ್ ಕೈ ಚಾಚಿದ. ಅವಳು ತಲೆಯಾಡಿಸಿ ಬೇಡವೆಂದಳು.

"ಅಯ್ಯೋ, ಚೋಕ್ ಎಳೀಲಿಲ್ಲ ಅಕ್ಕ! ತಣ್ಣಗಿರುವಾಗ ಅದು ಬೇಕು. ಬಿಸಿ ಇದ್ದರೆ ಬೇಡ, ಹಾಗೆ ನಂಗೂ ಹೇಳ್ಲಿಕ್ಕೆ ಮರೆತುಹೋಯ್ತು. ಒಂದು ಕಾಲು ಹಲಗೆಗೆ ಒತ್ತಿ ಹಿಡೀರಿ."

ಅವಳು ಚೋಕ್ ಎಳೆದು, ಕಾಲು ಒತ್ತಿ, ಮೈಯೆಲ್ಲ ಹಿಂದಕ್ಕೆ ವಾಲಿಸಿ ಹಗ್ಗ ಎಳೆದಳು. ಎಂಜಿನ್ ಗುಡುಗಿತು.

"ಆಯ್ತಲ್ಲ! ಇನ್ನು ಮನೆಗೆ ತಕೊಂಡು ಹೋಗಿ."

ಹರಿಣಾಕ್ಷಿ ಎಂಜಿನ್ ಬಂದ್ ಮಾಡಿ ಬಂಡೆಯತ್ತ ನಡೆದಳು.

"ಇನ್ನೆಂತ ಉಂಟು ಮಾರಾಯ್ರೆ?"

"ಇನ್ನೊಮ್ಮೆ ತಣಿಯಲಿ. ಈ ಸಲ ನೀವು ಬಾಯಿ ಬಿಡಬಾರದು."