ಕಂಪನಿಗೆ ಬರೆದ ಕ್ಷಮಾಪಣೆ

ಮದುವೆಯಾಗಿ ವಾಡಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಬಂದಾಗ ಅಲ್ಲಿ ನನಗೊಬ್ಬಳು ಸವತಿ ಇದ್ದಾಳೆಂದು ತವರಿನವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ನಮ್ಮಪ್ಪ ಇನ್ನೊಂದು ಮಾತು ವಿಚಾರಿಸುತ್ತಿದ್ದರೇನೋ. ನಮ್ಮವರು, ಅಂದರೆ ಸುಜಯ, ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ ಡ್ಯೂಟಿ ಮುಗಿಸಿ ಬಂದು, ಕೈಕಾಲು ತೊಳೆದು, ಚಹಾ ಕೈಗೆ ಬರುವ ಮೊದಲೇ ಪಡಸಾಲೆಯ ಮೂಲೆಯ ಕಂಪ್ಯೂಟರಿನ ಹೊದಿಕೆ ತೆಗೆಯುತ್ತಿದ್ದರು. ಹೊಸ ಹೆಂಡತಿ ಹಿಂದೆ ನಿಂತಿದ್ದಾಳೆಂಬ ಖಬರು ಆ ಮನುಷ್ಯನಿಗೆ ಇರುತ್ತಿರಲಿಲ್ಲ.

ಸವತಿಯ ಹೆಸರು 'ಜಂಕ್ಷನ್ ಕಿಂಗ್ ಅಡ್ಡಾ'. ಜಂಕ್ಷನ್ ಕಿಂಗ್ ಅಂತ ಪರದೇಶದ ಕಂಪನಿಯೊಂದು ಮಾಡಿದ ಕಂಪ್ಯೂಟರ್ ಆಟ. ಹಳಿ ಹಾಕಬೇಕು, ಸಿಗ್ನಲ್ ನಿಲ್ಲಿಸಬೇಕು, ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಗಾಡಿಗಳನ್ನು ಬಿಡಬೇಕು. ಕಿಟಕಿಯಾಚೆ ಮುಂಬೈ, ಮದ್ರಾಸು, ಸಿಕಂದರಾಬಾದಿನ ನಿಜವಾದ ಗಾಡಿಗಳು ಕೂಗಿಕೊಂಡು ಹೋಗುವ ಊರಿನಲ್ಲಿ ಕೂತು ಇವರು ಸುಳ್ಳು ಗಾಡಿ ಓಡಿಸುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಆ ಆಟದ ಮೇಲಿನ ಪ್ರೀತಿ ಉಕ್ಕಿ, ಆಡುವವರೆಲ್ಲ ಕೂಡಲಿ ಎಂದು ಇವರೇ ಒಂದು ವೆಬ್‌ಸೈಟ್ ಕಟ್ಟಿದ್ದರು. ಆಟದ ಹೆಸರಿಗೆ ನಮ್ಮ ಕಡೆಯ 'ಅಡ್ಡಾ' ಸೇರಿಸಿ ಅದಕ್ಕೆ ಹೆಸರಿಟ್ಟಿದ್ದರು. ಪೋಲೆಂಡಿನವರು, ಬ್ರೆಜಿಲಿನವರು, ಜಪಾನಿನವರು ಅಲ್ಲಿಗೆ ಬಂದು, ಎಲ್ಲಿ ಗಾಡಿ ಸಿಕ್ಕಿಹಾಕಿಕೊಂಡಿತು, ಹೇಗೆ ಬಿಡಿಸುವುದು ಎಂದು ಕೇಳುತ್ತಿದ್ದರು. ಇವರು ಹೇಳುತ್ತಿದ್ದರು. ಪೈಸೆಯ ಲಾಭವಿಲ್ಲದ ಧಂದೆ.

ನಾನು ಮುನಿಸಿಕೊಂಡು ಕೂತಿದ್ದ ಒಂದು ಭಾನುವಾರ, "ಇಲ್ಲಿ ಬಾ, ನಿಂಗೊಂದು ತೋರಸ್ತೀನಿ" ಎಂದು ಕರೆದರು. ತೆರೆಯ ಮೇಲೆ ನಮ್ಮ ವಾಡಿ ಇತ್ತು. ಇವರೇ ಮಾಡಿದ ನಕಾಶೆ. ಶಹಾಬಾದದ ಕಲ್ಲು ತುಂಬುವ ಜಾಗ, ಚಿತ್ತಾಪುರದ ಗೇಟು, ಸೇಡಂ, ಕುರಕುಂಟಾ, ಎಲ್ಲ ಇದ್ದವು. ಸೇಡಂ ದಾಟಿದ ಮೇಲೆ ಒಂದು ಹಳಿ ಎಡಕ್ಕೆ ತಿರುಗಿ ಗುಡ್ಡದೊಳಗೆ ಹೋಗಿ ನಿಂತಿತ್ತು. ಅಲ್ಲೊಂದು ಸಣ್ಣ ಸ್ಟೇಷನ್. ಬೋರ್ಡು ಓದಿದೆ. ಚಿಂಚೋಳಿ.

"ಚಿಂಚೋಳಿಗೆ ಗಾಡಿ ಎಲ್ಲದರಿ?" ಎಂದೆ.

"ಸರ್ಕಾರ ಹಾಕಲಿಲ್ಲ. ನಾ ಹಾಕೀನಿ. ನೀ ತವರಮನಿಗಿ ಬಸ್ಸಿನ್ಯಾಗ ನಿಂತು ಹೋಗ್ತಿ, ಅದಕ."

ಅವತ್ತಿನಿಂದ ನನಗೂ ಸವತಿಗೂ ರಾಜಿಯಾಯಿತು. ಚಹಾ ಕುಡಿಯುತ್ತ ನಾನೂ ಕುರ್ಚಿ ಎಳೆದುಕೊಂಡು ಕೂರತೊಡಗಿದೆ. ನನ್ನ ತವರಿನ ಸ್ಟೇಷನ್ನಿಗೆ ಯಾವನೋ ಪೋಲೆಂಡಿನವನು ಗಾಡಿ ತಂದು ನಿಲ್ಲಿಸಿ, 'ಇಲ್ಲಿಯ ಏರು ಭಾರಿ ಕಷ್ಟ' ಎಂದು ಬರೆದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಸಂತೋಷವಿಲ್ಲದಿದ್ದವರು ಮಾವನವರು ಒಬ್ಬರೇ. ಹನುಮಂತರಾಯರು ಸೇಡಂ ತಹಸೀಲ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿ ರಿಟೈರಾದವರು. ಮಗ ಏನು ಮಾಡಿದರೂ ಅವರಿಗೆ ಅರ್ಧಂಬರ್ಧವೇ. ಕಾರ್ಖಾನೆಯ ನೌಕರಿ ಸರ್ಕಾರದ್ದಲ್ಲ, ಕ್ವಾರ್ಟರ್ಸು ತನ್ನದಲ್ಲ, ವೆಬ್‌ಸೈಟಂತೂ ಕಣ್ಣಿಗೆ ಕಾಣುವ ವಸ್ತುವೇ ಅಲ್ಲ. ನಮ್ಮ ಮನೆಗೆ ಬಂದಾಗ ಒಮ್ಮೆಯಾದರೂ ಆ ಮೂಲೆಯ ಕಡೆ ತಿರುಗಿ ನೋಡಿದವರಲ್ಲ. ಇವರು ಮಾತ್ರ ಅಪ್ಪ ಬರುವ ದಿನ ಕಂಪ್ಯೂಟರಿನ ಹೊದಿಕೆ ತೆಗೆದು, ಒರೆಸಿ, ನಕಾಶೆ ತೆರೆದು ಇಟ್ಟಿರುತ್ತಿದ್ದರು. ಅವರು ಪೇಪರು ಓದಿ, ಊಟ ಮಾಡಿ, ಗಾಡಿ ಹತ್ತಿ ಹೋದ ಮೇಲೆ ಸುಮ್ಮನೆ ಹೊದಿಸಿಬಿಡುತ್ತಿದ್ದರು.

ಎರಡು ಸಾವಿರದ ಐದನೆಯ ಇಸವಿ, ದೀಪಾವಳಿ ಮುಗಿದ ಮೇಲೆ, ಆಟದ ಕಂಪನಿಯಿಂದ ನೋಟಿಸು ಬಂತು. ಅದು ವಾಡಿಗೆ ಬರಲಿಲ್ಲ, ಸೇಡಮ್ಮಿಗೆ ಹೋಯಿತು. ನಮ್ಮ ಕಡೆಯವರಿಗೆ ಯಾವ ಅರ್ಜಿಯಲ್ಲಿ ವಿಳಾಸ ಕೇಳಿದರೂ ಅಪ್ಪನ ಮನೆಯ ಖಾಯಂ ವಿಳಾಸ ಬರೆಯುವುದೇ ರೂಢಿ. ಬಾಡಿಗೆ ಮನೆ, ಕ್ವಾರ್ಟರ್ಸು ಇವೆಲ್ಲ ವಿಳಾಸವೇ ಅಲ್ಲ. ವೆಬ್‌ಸೈಟಿನ ಹೆಸರು ನೋಂದಾಯಿಸುವಾಗ ಇವರೂ ಅದನ್ನೇ ಬರೆದಿದ್ದರು. ಹಾಗಾಗಿ ಪರದೇಶದ ದಪ್ಪ ಲಕೋಟೆ ಮಾವನವರ ಕೈಗೇ ಸಿಕ್ಕಿತು. ಅವರು ಒಡೆದು ಓದಿ ಫೋನ್ ಮಾಡಿದರು.

"ಸುಜಯಾ, ನಿನಗ ಮೆಮೋ ಬಂದದ. ರಜಾ ಹಾಕಿ ಬಾ."

ಇವರಿಗೆ ಅದೇ ಕಾಗದ ಕಂಪ್ಯೂಟರಿನಲ್ಲೂ ಬಂದಿತ್ತು. ಜಂಕ್ಷನ್ ಕಿಂಗ್ ಎಂಬ ಹೆಸರು ಕಂಪನಿಯ ಸ್ವತ್ತು. ಅದನ್ನು ವೆಬ್‌ಸೈಟಿಗೆ ಇಟ್ಟುಕೊಂಡದ್ದು ಕಳವಿಗೆ ಸಮಾನ. ಹೆಸರು ಒಪ್ಪಿಸಬೇಕು, ಇಲ್ಲವಾದರೆ ನಷ್ಟಪರಿಹಾರ. ಇಂಥ ತಂಟೆ ತೀರಿಸಲು ಪರದೇಶದಲ್ಲಿ ಪಂಚರಿರುತ್ತಾರಂತೆ. ಎರಡೂ ಕಡೆಯ ಕಾಗದ ನೋಡಿ ತೀರ್ಪು ಕೊಡುತ್ತಾರಂತೆ. ಅಡ್ಡಾದ ಗೆಳೆಯರೆಲ್ಲ ಗಾಬರಿಯಾದರು. ಕೆನಡಾದಲ್ಲಿ ವಕೀಲಿಕೆ ಓದುತ್ತಿದ್ದ ಒಬ್ಬ ತಾನೇ ಉತ್ತರ ಬರೆದು ಕಳಿಸಿದ: ಇದರಲ್ಲಿ ದುಡ್ಡಿನ ವ್ಯವಹಾರವಿಲ್ಲ, ಇದು ಕಂಪನಿಯ ಸೈಟಲ್ಲ ಎಂದು ಮೊದಲ ಪುಟದಲ್ಲೇ ಬರೆದಿದೆ, ಇದರಿಂದ ಆಟಕ್ಕೆ ಹೆಸರೇ ಬಂದಿದೆ. ಕೊನೆಗೆ ಇವರಿಗೆ ಒಂದು ಮಾತು ಬೇರೆಯಾಗಿ ಬರೆದಿದ್ದ. ಏನು ಬೇಕಾದರೂ ಬರೆ, ತಪ್ಪು ಮಾಡಿದೆ ಎಂದು ಮಾತ್ರ ಬರೆಯಬೇಡ. ಇವರು ಆ ಉತ್ತರದ ಪ್ರಿಂಟನ್ನು ಮಡಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಇಬ್ಬರೂ ಪ್ಯಾಸೆಂಜರ್ ಹತ್ತಿ ಸೇಡಮ್ಮಿಗೆ ಹೋದೆವು.

ಮಾವನವರು ನಮಗಾಗಿ ಕಾಯುತ್ತಿದ್ದರು. ಬೈಯುತ್ತಾರೆಂದು ಎಣಿಸಿದ್ದೆ. ಬೈಯಲಿಲ್ಲ. ಬಹಳ ವರ್ಷಗಳ ಮೇಲೆ ಅವರ ಮುಖದಲ್ಲೊಂದು ಹುರುಪು ಕಂಡೆ. ಹಳೆಯ ಟೈಪ್‌ರೈಟರ್ ಅಟ್ಟದಿಂದ ಇಳಿದಿತ್ತು. ಉತ್ತರ ಆಗಲೇ ಸಿದ್ಧವಿತ್ತು.

"ಕುಂದ್ರು. ಹೆದರಬ್ಯಾಡ. ನನ್ನ ಸರ್ವಿಸಿನ್ಯಾಗ ಇಂಥವು ಎಷ್ಟು ನೋಡೀನಿ. ಕಾರಣ ಕೇಳಿ ಮೆಮೋ ಬಂದ್ರ ವಾದ ಮಾಡಬಾರದು. ವಾದ ಮಾಡಿದಂವ ಸಸ್ಪೆಂಡ್ ಆದ. 'ತಪ್ಪಾಗ್ಯದ, ದೊಡ್ಡ ಮನಸ್ಸು ಮಾಡ್ರಿ' ಅಂದಂವ ಮರುದಿನ ಕುರ್ಚಿ ಮ್ಯಾಲ ಕುಂತ. ಸಾಹೇಬರಿಗಿ ಬೇಕಾಗಿದ್ದು ಅಷ್ಟೇ. ಫೈಲ್ ಬಂದ್ ಮಾಡ್ತಾರ."

ಓದಿ ಹೇಳಿದರು. ಇಂಗ್ಲಿಷು ಅವರದು ಗಟ್ಟಿ. ಅದರ ತಾತ್ಪರ್ಯ ಇಷ್ಟು: 'ಈ ಹೆಸರು ತಮ್ಮದೆಂದು ಮೊದಲಿನಿಂದಲೂ ಬಲ್ಲೆ. ಬಲ್ಲವನಾಗಿಯೂ ಬಳಸಿದ್ದು ನನ್ನ ಅಪರಾಧ. ಬುದ್ಧಿ ಕಡಿಮೆಯ ಈ ಸೇವಕನನ್ನು ಕ್ಷಮಿಸಿ ಪ್ರಕರಣವನ್ನು ಮುಕ್ತಾಯಗೊಳಿಸಬೇಕಾಗಿ ಪ್ರಾರ್ಥನೆ. ಮುಂದೆ ಇಂಥ ಯಾವ ಕೆಲಸವನ್ನೂ ಮಾಡುವುದಿಲ್ಲವೆಂದು ಬರೆದುಕೊಡುತ್ತೇನೆ.'

"ಅಪ್ಪಾ, ನಂದೊಬ್ಬ ದೋಸ್ತ ಬ್ಯಾರೆ ಥರ ಬರದಾನ್ರಿ" ಎಂದು ಇವರು ಕಿಸೆಗೆ ಕೈ ಹಾಕಿದರು.

"ಯಾರಾಂವ? ಎಷ್ಟು ವರ್ಷ ಸರ್ವಿಸ್ ಆಗ್ಯದ ಅವಂದು?"

"ಇನ್ನೂ ಓದಲಿಕತ್ತಾನ್ರಿ."

ಮಾವನವರು ನಕ್ಕರು. "ಓದು ಮುಗಿಸಲಿ, ಆಮ್ಯಾಲ ನೋಡೋಣು. ಎರಡೆರಡು ಉತ್ತರ ಹೋದ್ರ ಸಾಹೇಬರ ಸಿಟ್ಟು ಹೆಚ್ಚಾಗ್ತದ."

ನಾನು ಬಾಗಿಲಲ್ಲಿ ನಿಂತು ಕಣ್ಣಿನಲ್ಲೇ ಬೇಡ ಬೇಡವೆಂದೆ. ಇವರು ನನ್ನನ್ನು ನೋಡಲಿಲ್ಲ, ಅಪ್ಪನ ಕೈಯನ್ನು ನೋಡುತ್ತಿದ್ದರು. ಮಗನ ಆ ಕಣ್ಣಿಗೆ ಕಾಣದ ಕೆಲಸಕ್ಕಾಗಿ ಅಪ್ಪ ಮೊದಲ ಸಲ ಕೂತು ಒಂದು ಕಾಗದ ಟೈಪ್ ಮಾಡಿದ್ದರು. ಒಂದು ಅಕ್ಷರ ತಪ್ಪಿಲ್ಲ, ಅಂಚು ಓರೆಯಿಲ್ಲ. ಅತ್ತೆ ಸೀತಾಬಾಯಿಯವರು ದೇವರ ಮುಂದೆ ತುಪ್ಪದ ದೀಪ ಹಚ್ಚಿ ಬಂದು, "ಅವರು ಹೇಳಿದಂಗ ಕೇಳು ಮಗಾ, ಮನಿ ಮ್ಯಾಲ ಜಪ್ತಿ ಬರಬಾರದು" ಎಂದರು. ಕಿಸೆಗೆ ಹೋದ ಕೈ ಬರಿದೇ ಹೊರಬಂತು. ಇವರು ಸಹಿ ಮಾಡಿದರು.

ತಿರುಗಿ ಬರುವಾಗ ಚಿತ್ತಾಪುರದ ಹತ್ತಿರ ತಡೆಯದೆ ಕೇಳಿದೆ. "ಯಾಕ ಸಹಿ ಮಾಡಿದ್ರಿ? ತಪ್ಪು ಅಂತ ಬರೀಬ್ಯಾಡ ಅಂದಿದ್ನಲ್ಲ ಅಂವ."

"ಅಪ್ಪ ಬಾಜೂಕ ಕುಂತಿದ್ರಲ್ಲ, ಶುಭಾ. ಹೆಂಗ ಇಲ್ಲ ಅನ್ನಲಿ?"

ನನ್ನ ಅಪ್ಪ ಹಾಗೆ ಪಕ್ಕದಲ್ಲಿ ಕೂತಿದ್ದರೆ ನಾನೂ ಮಾಡುತ್ತಿದ್ದೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ತೀರ್ಪು ಬಂತು. ಕಂಪನಿಯವರು ಮಾವನವರ ಕಾಗದವನ್ನೇ ಪಂಚರ ಮುಂದೆ ಇಟ್ಟಿದ್ದರು, ಬೇರೆ ಸಾಕ್ಷಿಯೇ ಬೇಕಾಗಿರಲಿಲ್ಲ. ಪಂಚರ ಮಾತು ಇಷ್ಟು: ಗೊತ್ತಿಲ್ಲದೆ ಬಳಸಿದ್ದರೆ, ಅಭಿಮಾನದಿಂದ ಬಳಸಿದ್ದರೆ ಬೇರೆ ಮಾತು. ಇಲ್ಲಿ ಪ್ರತಿವಾದಿ, ಹೆಸರು ತನ್ನದಲ್ಲವೆಂದು ಬಲ್ಲೆ, ಬಲ್ಲವನಾಗಿಯೂ ಬಳಸಿದೆ ಎಂದು ತಾನೇ ಬರೆದುಕೊಟ್ಟಿದ್ದಾನೆ. ಆದ್ದರಿಂದ ದುರುದ್ದೇಶ ಸಾಬೀತಾಗಿದೆ. ಹೆಸರನ್ನು ಕಂಪನಿಗೆ ಒಪ್ಪಿಸತಕ್ಕದ್ದು. ಇವರು ಇನ್ನೊಂದು ಹೆಸರಿನಲ್ಲಿ ಅಡ್ಡಾ ತೆರೆಯುವ ಯೋಚನೆ ಮಾಡಿದರು. ಕಂಪನಿಯ ವಕೀಲರು ಮಾವನವರ ಕಾಗದದ ಕೊನೆಯ ಸಾಲಿಗೆ ಗೆರೆ ಎಳೆದು ಕಳಿಸಿದರು. ಮುಂದೆ ಇಂಥ ಯಾವ ಕೆಲಸವನ್ನೂ ಮಾಡುವುದಿಲ್ಲ. ನಕಾಶೆಗಳೂ ಆ ಮಾತಿನೊಳಗೆ ಬಂದವು, ಅಳಿಸಬೇಕಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ಸಂಜೆ ನನ್ನ ಕಣ್ಣೆದುರಿಗೇ ಶಹಾಬಾದ ಹೋಯಿತು, ಚಿತ್ತಾಪುರ ಹೋಯಿತು, ಚಿಂಚೋಳಿಯೂ ಹೋಯಿತು. ಇವರು ಅಳಲಿಲ್ಲ. ನಾನು ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅಳು ಮುಗಿದ ಮೇಲೆ ಸಿಟ್ಟು ಬಂತು. ಸ್ಟೇಷನ್ ರಸ್ತೆಯ ಜಹಾಂಗೀರ ಅವರ ಝೆರಾಕ್ಸ್ ಅಂಗಡಿಯಲ್ಲಿ ತೀರ್ಪಿನ ಪ್ರಿಂಟ್ ತೆಗೆಸಿದೆ. ಇವರು ಡ್ಯೂಟಿಗೆ ಹೋದಾಗ ಒಬ್ಬಳೇ ಸೇಡಮ್ಮಿನ ಗಾಡಿ ಹತ್ತಿದೆ. ನೋಡ್ರಿ, ನಿಮ್ಮ ಸರ್ವಿಸಿನ ಬುದ್ಧಿ ನಿಮ್ಮ ಮಗನ ಕತ್ತು ಹಿಸುಕಿತು ಎಂದು ಮುಖಕ್ಕೆ ಹೇಳಿಬಿಡುವುದೇ ಸೈ. ದಾರಿಯುದ್ದಕ್ಕೂ ಮಾತು ಕಟ್ಟಿಕೊಳ್ಳುತ್ತ ಹೋದೆ.

ಮಾವನವರು ಕಾಗದ ತೆಗೆದುಕೊಂಡು ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತರು. ಮೊದಲ ಪುಟ ಓದಿದರು. ಎರಡನೆಯ ಪುಟದಲ್ಲಿ ಅವರ ಬೆರಳು ನಿಂತಿತು. ಅಲ್ಲಿ ಅವರದೇ ವಾಕ್ಯ, ಅಲ್ಪವಿರಾಮದ ಸಮೇತ, ಉದ್ಧರಣೆಯಲ್ಲಿ ಅಚ್ಚಾಗಿತ್ತು.

"ಏ ಇವಳೆ, ಇಲ್ಲಿ ಬಾ" ಎಂದು ಅತ್ತೆಯನ್ನು ಕರೆದರು. "ಇಲ್ಲಿ ನೋಡು. ನಾ ಬರದದ್ದು. ಆರ್ಡರಿನ್ಯಾಗ ಹಂಗಿಂದ ಹಂಗ ತಗೊಂಡಾರ, ಒಂದಕ್ಷರ ಮುಟ್ಟಿಲ್ಲ."

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಇಂಗ್ಲಿಷು ಕಾಗದವನ್ನು ಪ್ರಸಾದದ ಹಾಗೆ ನೋಡಿದರು. ಮಾವನವರು ಪುಟ ತಿರುವಲು ಬೆರಳಿಗೆ ಎಂಜಲು ಹಚ್ಚಿಕೊಂಡರು. ಮುಂದಿನ ಪುಟದಲ್ಲಿ 'ದುರುದ್ದೇಶ' ಎಂಬ ಮಾತಿತ್ತು. ಆ ಮುದುಕನ ಮುಖ ನೋಡಿದೆ. ಕೈ ಚಾಚಿ ಕಾಗದ ತೆಗೆದುಕೊಂಡೆ.

"ಮುಂದ ಏನಿಲ್ರಿ. ಫೈಲ್ ಬಂದ್ ಮಾಡ್ಯಾರಂತ ಅಷ್ಟೇ ಅದ. ಇದು ಅವರಿಗಿ ಬೇಕಾಗ್ತದ, ಒಯ್ತೀನ್ರಿ."

"ನಾ ಹೇಳಿದ್ದಿಲ್ಲಾ?" ಎಂದರು. ಕನ್ನಡಕ ತೆಗೆದು, ನಾನು ಎಂದೂ ಅವರ ಬಾಯಲ್ಲಿ ಕೇಳದ ಮಾತು ಆಡಿದರು. "ಅಷ್ಟು ದೊಡ್ಡ ಕಂಪನಿ ಹಿಂದ ಬಿದ್ದದ ಅಂದ್ರ ಅದು ಏನೋ ದೊಡ್ಡದೇ ಇರಬೇಕು. ಐತವಾರ ಬರ್ತೀನಿ. ನಾನೂ ಒಮ್ಮಿ ನೋಡ್ತೀನಿ ಅಂತ ಸುಜಯಗ ಹೇಳು."

ಹೂಂ ಅನ್ನದೆ ನನಗೆ ಬೇರೆ ದಾರಿ ಇರಲಿಲ್ಲ.

ಆ ರಾತ್ರಿ ಇವರಿಗೆ ಹೇಳಿದೆ. ಬೈಯಬಹುದಿತ್ತು, ಬೈಯಲಿಲ್ಲ. "ಬರ್ಲಿ" ಎಂದಷ್ಟೇ ಅಂದರು.

ಭಾನುವಾರ ಮಾವನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಚಹಾ ಆಮೇಲೆ ಅಂದರು. ನೇರ ಮೂಲೆಗೆ ಹೋಗಿ ಕುರ್ಚಿ ಎಳೆದು ಕೂತರು. ಇವರು ಇಂಟರ್ನೆಟ್ಟಿಗೆ ಫೋನಿನ ತಂತಿ ಜೋಡಿಸಿ ಪಕ್ಕಕ್ಕೆ ನಿಂತರು. "ಹೆಸರು ಹೇಳು, ನಾನೇ ಹೊಡೀತೀನಿ" ಎಂದರು ಮಾವನವರು. ಇವರು ಒಂದೊಂದೇ ಅಕ್ಷರ ಹೇಳಿದರು. ಟೈಪ್‌ರೈಟರಿನ ಕೈ, ಕೀಲಿಗಳು ಟಪಟಪನೆ ಸದ್ದು ಮಾಡಿದವು.

ಆ ವಿಳಾಸ ಈಗ ಕಂಪನಿಯದು. ತೆರೆ ಕಪ್ಪಾಗಿ, ನಿಧಾನವಾಗಿ, ಮೇಲಿನಿಂದ ಕೆಳಕ್ಕೆ ಕಂಪನಿಯ ಚಿತ್ರ ಇಳಿಯಿತು. ಸುರಂಗದಿಂದ ಹೊಗೆಯುಗುಳುತ್ತ ಹೊರಬರುವ ಕರಿ ಇಂಜಿನು, ಅದರ ಮೇಲೆ ಬಂಗಾರದ ಬಣ್ಣದಲ್ಲಿ ಜಂಕ್ಷನ್ ಕಿಂಗ್. ಕಂಪನಿಯ ಹೆಸರಿರುವ ಕೆಳಭಾಗ ಇನ್ನೂ ಬರಬೇಕಾಗಿತ್ತು. ನಮ್ಮ ಲೈನು ಅಷ್ಟು ಮಂದ. ನಾನು ಸೆರಗಿನ ತುದಿ ಹಿಡಿದು ನಿಂತೆ. ಅದು ಪೂರ್ತಿ ಇಳಿಯದಿರಲಿ ಎಂದು ಗೊತ್ತಿದ್ದ ದೇವರಿಗೆಲ್ಲ ಕೈಮುಗಿದೆ.

ಮಾವನವರು ಮುಂದಕ್ಕೆ ಬಾಗಿ ನೋಡಿದರು. ಹಿಂದಕ್ಕೆ ಸರಿದು ನೋಡಿದರು. ಆಮೇಲೆ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡು ಮಗನ ಕಡೆ ತಿರುಗಿದರು.

"ಭಾಳ ಛಂದ ಮಾಡೀದಿ, ಸುಜಯಾ" ಎಂದರು. "ನನಗ ತಿಳಿದಿದ್ದೇ ಇಲ್ಲ ನೋಡು, ನೀ ಇಷ್ಟು ಛಂದ ಮಾಡ್ತಿ ಅಂತ."

ಇವರು ತೆರೆಯನ್ನೇ ನೋಡುತ್ತ ನಿಂತಿದ್ದರು.

"ಹೌದ್ರಿ ಅಪ್ಪಾ" ಎಂದರು.